ಲೈಬ್ರರಿಗೆ ನಾನು ಹಾಕಿದ ಬೈಂಡು

ಪುಸ್ತಕ ಓದುವುದು ಬೇರೆ, ಪುಸ್ತಕಕ್ಕೆ ಬೈಂಡ್ ಹಾಕುವುದು ಬೇರೆ. ಮೊದಲನೆಯದರಲ್ಲಿ ನಾನು ಎರಡನೇ ಕ್ಲಾಸಿಗೇ ನಿಂತವಳು. ಬಸ್ಸಿನ ಬೋರ್ಡು ಓದಬೇಕಾದರೂ ಒಂದೊಂದೇ ಅಕ್ಷರ ಕೂಡಿಸುತ್ತೇನೆ; ಕೂಡಿಸಿ ಮುಗಿಯುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಆದರೆ ಎರಡನೆಯದರಲ್ಲಿ ಶಿವಮೊಗ್ಗದ ನಮ್ಮ ಇಡೀ ಆಲ್ಕೊಳ ಬಡಾವಣೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜೂನ್ ತಿಂಗಳು ಬಂತೆಂದರೆ ನಮ್ಮ ಬೀದಿಯ ಮಕ್ಕಳೆಲ್ಲ ಖಾಕಿ ಕಾಗದದ ಸುರುಳಿ ಹಿಡಿದುಕೊಂಡು ನಮ್ಮ ಜಗಲಿಗೇ ಬರುತ್ತಿದ್ದರು. ಗಿರಿಜಮ್ಮಜ್ಜಿ ಹಾಕಿದ ಬೈಂಡು ಮಾರ್ಚ್ ಪರೀಕ್ಷೆಯವರೆಗೂ ಬಿಚ್ಚುವುದಿಲ್ಲ ಅಂತ ನನಗೆ ಹೆಸರು. ಕೆಲವು ಮಕ್ಕಳ ಪುಸ್ತಕಗಳು ಮಾರ್ಚ್‌ವರೆಗೂ ಬೈಂಡಿನೊಳಗೆ ಹೊಚ್ಚ ಹೊಸದಾಗಿಯೇ ಇರುತ್ತಿದ್ದವು. ಅದು ನನ್ನ ತಪ್ಪಲ್ಲ.

ಇಂಥ ಹೆಸರುವಾಸಿಯಾದ ನಾನು ಭದ್ರಾವತಿಯ ಒಂದು ಕಾಲೇಜಿನ ಲೈಬ್ರರಿಯನ್ನು ಉದ್ಧಾರ ಮಾಡಲು ಹೊರಟೆ. ಯಾರೂ ಕರೆದಿರಲಿಲ್ಲ!

ಆಗ ಬೀದಿಗೊಂದು ಕಂಪ್ಯೂಟರ್ ಕ್ಲಾಸಿನ ಬೋರ್ಡು ನೇತಾಡುತ್ತಿದ್ದ ಕಾಲ. ನಮ್ಮ ಯಜಮಾನರು ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಿಂದ ರಿಟೈರ್ ಆಗಿ, ನಾವು ಶಿವಮೊಗ್ಗಕ್ಕೆ ಬಂದು ಮನೆ ಮಾಡಿಕೊಂಡಿದ್ದೆವು. ಅವರ ತಂಗಿಯ ಮಗಳು ಸುಮಾ ನಮ್ಮ ಜೊತೆಗೇ ಇದ್ದಳು. ಲೈಬ್ರರಿ ಕೋರ್ಸು ಓದಿದವಳು. ಭದ್ರಾವತಿಯಲ್ಲಿ ಹೊಸದಾಗಿ ಶುರುವಾದ ಕಾಲೇಜಿನಲ್ಲಿ ಲೈಬ್ರರಿಯನ್ನು ಕಟ್ಟುವ ಕೆಲಸ ಅವಳಿಗೆ ಸಿಕ್ಕಿತ್ತು. ಆದರೆ ಟೆಂಪರರಿ. ಯೂನಿವರ್ಸಿಟಿ ಕಡೆಯಿಂದ ಒಂದು ಕಮಿಟಿ ಬಂದು ಕಾಲೇಜು ನೋಡಿ ಒಪ್ಪಬೇಕಿತ್ತು.

"ಕಮಿಟಿ ಒಪ್ಪಿದ್ರೆ ಲೈಬ್ರರಿ ಉಳಿಯುತ್ತೆ, ಲೈಬ್ರರಿ ಉಳಿದ್ರೆ ನಾನು ಉಳೀತೀನಿ ಅತ್ತೆ. ಇಲ್ಲಾಂದ್ರೆ ಮತ್ತೆ ಸೀರೆ ಅಂಗಡಿ ಬಿಲ್ ಹರಿಯೋಕೆ ಹೋಗ್ಬೇಕು" ಅಂದಿದ್ದಳು.

ಸೀರೆ ಅಂಗಡಿಯಲ್ಲಿ ಎರಡು ವರ್ಷ ನಿಂತೂ ನಿಂತೂ ಹುಡುಗಿಯ ಕಾಲು ಊದಿಕೊಳ್ಳುತ್ತಿದ್ದದ್ದನ್ನು ನಾನೇ ನೋಡಿದ್ದೆ. ಬಿಸಿನೀರು ಕಾಯಿಸಿ ಕೊಟ್ಟವಳೂ ನಾನೇ. ಹಾಗಾಗಿ ಈ ಲೈಬ್ರರಿಯ ಮೇಲೆ ನನಗೂ ಒಂದು ಕಣ್ಣಿತ್ತು. ಇರಬಾರದಿತ್ತು.

ಕಾಲೇಜಿನ ಲೈಬ್ರರಿ ಕೋಣೆಗೆ ಇನ್ನೂ ಬಣ್ಣ ಹೊಡೆಯುತ್ತಿದ್ದರು. ಪುಸ್ತಕಗಳು ಬಂದದ್ದು ಶಿವಮೊಗ್ಗದ ಅಂಗಡಿಗೆ. ಬಣ್ಣ ಒಣಗುವವರೆಗೆ ಇರಲಿ ಅಂತ ಸುಮಾ ಎಲ್ಲ ಡಬ್ಬಗಳನ್ನೂ ನಮ್ಮ ನಡುಮನೆಯಲ್ಲಿ ಇಳಿಸಿದಳು. ಒಂದೊಂದೇ ಪುಸ್ತಕ ತೆಗೆದು, ಬೆನ್ನಿಗೆ ನಂಬರಿನ ಚೀಟಿ ಅಂಟಿಸಿ, ಮತ್ತೆ ಡಬ್ಬಕ್ಕೆ ತುಂಬಿದಳು.

"ಏನೇನು ಪುಸ್ತಕಾನೇ ಇವು?" ಅಂತ ಕೇಳಿದೆ.

"ಸದ್ಯಕ್ಕೆ ಮೂರೇ ಥರ ಅತ್ತೆ. ಹುಳಹುಪ್ಪಟೆ ಬಗ್ಗೆ ಒಂದಿಷ್ಟು, ಎಕನಾಮಿಕ್ಸ್ ಒಂದಿಷ್ಟು, ಕಂಪ್ಯೂಟರ್ ಒಂದಿಷ್ಟು."

"ಹುಳದ ಬಗ್ಗೆ ಪುಸ್ತಕ ಬೇರೆ ಬರೀತಾರಾ? ಚಪ್ಪಲೀಲಿ ಹೊಡೆದ್ರೆ ಆಗೋಗುತ್ತಪ್ಪ."

ಸುಮಾ ನಕ್ಕಳು. ಮಾರನೇ ದಿನ ಅವಳು ಯಾವುದೋ ಟ್ರೈನಿಂಗ್ ಅಂತ ದಾವಣಗೆರೆಗೆ ಹೊರಟಳು. ಹೊಸ್ತಿಲು ದಾಟುವಾಗ ತಿರುಗಿ, "ಅತ್ತೇ, ಡಬ್ಬ ಮಾತ್ರ ಮುಟ್ಟಬೇಡಿ" ಅಂದಳು.

ಅಷ್ಟು ಹೇಳದೇ ಇದ್ದಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ!

ಮಧ್ಯಾಹ್ನದವರೆಗೆ ತಡೆದೆ. ಆಮೇಲೆ ನೆಲ ಒರೆಸಬೇಕು ಅನ್ನುವ ನೆಪಕ್ಕೆ ಒಂದು ಡಬ್ಬ ಸರಿಸಿದೆ. ಸರಿಸಿದ ಮೇಲೆ ತೆರೆದೆ. ಅಬ್ಬಬ್ಬ, ಏನು ಪುಸ್ತಕಗಳು! ಒಂದೊಂದೂ ಇಡ್ಲಿ ಕುಕ್ಕರಿನಷ್ಟು ತೂಕ. ಪಳಪಳ ಹೊಳೆಯುವ ರಟ್ಟು. ಇಂಥ ಪುಸ್ತಕಗಳನ್ನು ಕಾಲೇಜು ಹುಡುಗರ ಕೈಗೆ ಬೆತ್ತಲೆಯಾಗಿ ಕೊಡುವುದೇ? ಒಂದು ವಾರದಲ್ಲಿ ಕಿವಿ ಮಡಚಿ, ರಟ್ಟು ಹರಿದು, ಮೇಲೆ ಚಹಾದ ಲೋಟ ಇಟ್ಟು ಉಂಗುರ ಮೂಡಿಸಿಬಿಡುತ್ತಾರೆ. ಕಮಿಟಿಯವರು ಬಂದು ನೋಡಿದಾಗ ಪ್ರತಿಯೊಂದು ಪುಸ್ತಕವೂ ಅಚ್ಚುಕಟ್ಟಾಗಿ ಖಾಕಿ ಬಟ್ಟೆ ತೊಟ್ಟು, ಪೊಲೀಸರ ಹಾಗೆ ಸಾಲಾಗಿ ನಿಂತಿದ್ದರೆ ಹೇಗಿರುತ್ತದೆ! ಸುಮಾಳ ಕೆಲಸ ಅಲ್ಲಿಗೇ ಗಟ್ಟಿ!

"ರೀ, ನಾನು ಇವಕ್ಕೆಲ್ಲ ಬೈಂಡ್ ಹಾಕ್ತೀನಿ" ಅಂದೆ.

ಯಜಮಾನರು ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಆರಾಮ ಕುರ್ಚಿಯಲ್ಲಿ ಕೂತಿದ್ದರು. ಟಿವಿ ನೋಡುವ ಹಾಗಿಲ್ಲ, ಪೇಪರ್ ಓದುವ ಹಾಗಿಲ್ಲ. ಬಾಯಿಗೆ ಮಾತ್ರ ಆಪರೇಷನ್ ಆಗಿರಲಿಲ್ಲ.

"ಆ ಹುಡುಗಿ ಏನಂದು ಹೋದ್ಳು?"

"ಡಬ್ಬ ಮುಟ್ಟಬೇಡಿ ಅಂದ್ಳು. ಪುಸ್ತಕ ಮುಟ್ಟಬೇಡಿ ಅಂದ್ಳಾ?"

"ನೀನು ವಕೀಲಿ ಓದಬೇಕಿತ್ತು ಮಾರಾಯ್ತಿ."

ಬಜಾರಿನಿಂದ ಖಾಕಿ ಕಾಗದ ತರಿಸಿದೆ. ಶಾಲೆ ಪುಸ್ತಕಕ್ಕಾದರೆ ಕಾಗದವನ್ನು ಒಳಗೆ ಮಡಚಿ ಸಿಕ್ಕಿಸಿದರೆ ಸಾಕು. ಇವು ಕಾಲೇಜಿನವು, ದೊಡ್ಡ ದರ್ಜೆಯವು. ಮಡಚಿದರೆ ಸಾಲದು, ಅಂಟಿಸಬೇಕು ಅಂತ ನನ್ನ ಬುದ್ಧಿಗೆ ಹೊಳೆಯಿತು. ಒಂದು ಬೋಗುಣಿ ಮೈದಾ ಅಂಟು ಕಾಯಿಸಿದೆ. ಮೈದಾ ಅಂದರೆ ಜಿರಲೆಗೆ ಮದುವೆ ಊಟ. ಅದಕ್ಕೇ ಅಂಟಿಗೆ ಕೈ ತುಂಬ ಅರಿಶಿನ ಕಲಸಿದೆ. ಅದೂ ಸಾಲದು ಅನ್ನಿಸಿತು. ನಮ್ಮ ಅಕ್ಕಿ ಡಬ್ಬದಲ್ಲಿ ನುಸಿ ಬರದಿರಲೆಂದು ಒಣ ಬೇವಿನ ಸೊಪ್ಪು ಹಾಕಿಟ್ಟಿದ್ದೆ. ಅದನ್ನೆಲ್ಲ ಹೆಕ್ಕಿ ತೆಗೆದು, ಪ್ರತಿ ಪುಸ್ತಕದ ಹೊಟ್ಟೆಯೊಳಗೆ ಒಂದೊಂದು ಕಡ್ಡಿ ಇಟ್ಟೆ. ಇಂಥ ಮುಂದಾಲೋಚನೆ ಯಾವ ಯೂನಿವರ್ಸಿಟಿಯಲ್ಲಿ ಕಲಿಸುತ್ತಾರೆ?

ಕೆಲಸ ಭರದಿಂದ ಸಾಗಿತು. ಒಲೆಯ ಮೇಲೆ ಸಾರು, ನೆಲದ ಮೇಲೆ ಪುಸ್ತಕ. ಸಾರಿಗೆ ಒಗ್ಗರಣೆ ಹಾಕಿ ಬಂದು ಒಂದು ಪುಸ್ತಕ, ಅನ್ನ ಬಸಿದು ಬಂದು ಇನ್ನೊಂದು. ಮಧ್ಯೆ ಚಿತ್ರ ನೋಡುವುದೂ ನಡೆದಿತ್ತು. ಒಂದು ಪುಸ್ತಕದಲ್ಲಿ ನಮ್ಮ ಅಕ್ಕಿ ನುಸಿಯನ್ನು ಎಮ್ಮೆಯಷ್ಟು ದೊಡ್ಡದಾಗಿ ಬರೆದಿದ್ದರು. ಉದ್ದ ಮೂತಿ, ಗರಗಸದಂಥ ಕಾಲು. "ಅಯ್ಯೋ, ಇಷ್ಟು ದಿನ ಇದನ್ನು ಆರಿಸಿ ಬಿಸಾಡ್ತಿದ್ದೆನಲ್ಲ, ಮುಖಾನೇ ನೋಡಿರಲಿಲ್ಲ!" ಅಂತ ಅರಿಶಿನದ ಬೆರಳಿನಲ್ಲಿ ಅದರ ಮೂತಿ ಸವರಿದೆ. ಆಮೇಲೆ ಪಕ್ಕದ ಪುಟದ ಹುಳವನ್ನೂ ಸವರಿದೆ. ಅದಕ್ಕೆ ಬೇಜಾರಾಗಬಾರದಲ್ಲ!

ಮೂರನೇ ದಿನ ಸಂಜೆಗೆ ಮಹತ್ಕಾರ್ಯ ಮುಗಿಯಿತು. ಎಲ್ಲ ಪುಸ್ತಕವೂ ಖಾಕಿ. ಪಕ್ಕದ ಮನೆ ಜಯಮ್ಮ ಬಂದು ನೋಡಿ ಬಾಯಿ ಮೇಲೆ ಕೈ ಇಟ್ಟಳು. ನಾನು ಸೊಂಟದ ಮೇಲೆ ಕೈ ಇಟ್ಟೆ.

ಯಜಮಾನರು ಕುರ್ಚಿಯಿಂದಲೇ ಕೇಳಿದರು. "ಲೇ, ಎಲ್ಲಾದಕ್ಕೂ ಒಂದೇ ಕಾಗದ ಹಾಕಿದೀಯಲ್ಲ, ಈಗ ಯಾವುದು ಯಾವ ಪುಸ್ತಕ ಅಂತ ಹೇಗೆ ಗೊತ್ತಾಗುತ್ತೆ?"

"ಬೆನ್ನ ಮೇಲೆ ಸುಮಾ ನಂಬರ್ ಅಂಟಿಸಿದ್ದಾಳಲ್ಲ."

"ಆ ನಂಬರ್ ಈಗ ಎಲ್ಲಿದೆ?"

ಬೈಂಡಿನ ಒಳಗಿತ್ತು.

ಒಂದು ಗಳಿಗೆ ಸೊಂಟದ ಮೇಲಿದ್ದ ಕೈ ತಲೆಗೆ ಹೋಯಿತು. ಒಂದೇ ಗಳಿಗೆ. ನನ್ನಂಥವಳಿಗೆ ಇದೊಂದು ಸಮಸ್ಯೆಯೇ? ರಟ್ಟಿನ ಮೇಲಿದ್ದ ಚಿತ್ರಗಳೆಲ್ಲ ನನ್ನ ಕಣ್ಣಲ್ಲೇ ಇದ್ದವು. ಹೊರಗಿನಿಂದಲೇ ಕಾಗದವನ್ನು ಬೆಳಕಿಗೆ ಹಿಡಿದು ಒತ್ತಿದರೆ ಚಿತ್ರ ಮಸುಕಾಗಿ ಕಾಣುತ್ತಲೂ ಇತ್ತು. ಹೆಸರು ಇಂಗ್ಲಿಷಿನಲ್ಲಿ, ಅದರ ಗೊಡವೆ ನನಗೆ ಬೇಡ; ಒಂದೊಂದನ್ನೂ ಮತ್ತೆ ತೆರೆದು ನೋಡುವಷ್ಟು ಪುರುಸೊತ್ತೂ ಇರಲಿಲ್ಲ. ಒಂದು ಸ್ಕೆಚ್ ಪೆನ್ನು ತೆಗೆದುಕೊಂಡು ಗುರುತು ಹಾಕುತ್ತಾ ಹೋದೆ. ಹುಳದ ಪುಸ್ತಕಕ್ಕೆ ಹುಳದ ಚಿತ್ರ. ಎಕನಾಮಿಕ್ಸ್ ಅಂದರೆ ಹಣಕಾಸು, ಅದಕ್ಕೊಂದು ನಾಣ್ಯ. ಕಂಪ್ಯೂಟರಿಗೆ ಟಿವಿ ಥರದ ಒಂದು ಡಬ್ಬಿ. ಎಷ್ಟು ಸುಲಭ! ಇದಕ್ಕೆ ಸುಮಾ ಎರಡು ವರ್ಷ ಕೋರ್ಸು ಮಾಡಿದ್ದಳು.

ಮಾರನೇ ದಿನ ಬೆಳಿಗ್ಗೆ ಜಯಮ್ಮ ಕಾಂಪೌಂಡಿನ ಆಚೆಯಿಂದ ಕೂಗಿದಳು. "ಗಿರಿಜಕ್ಕಾ, ಫೋನು! ಸುಮಾ ಕಾಲೇಜಿಂದಂತೆ!" ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಇಡೀ ಬೀದಿಗೆ ಜಯಮ್ಮನ ಫೋನೇ ಗತಿ.

ಆ ಕಡೆ ಪ್ರಿನ್ಸಿಪಾಲರು. ಪಾಪ, ಉಸಿರು ಸಿಕ್ಕಿಹಾಕಿಕೊಂಡಿತ್ತು. "ಅಮ್ಮಾ, ಮುಂದಿನ ವಾರ ಬರಬೇಕಿದ್ದ ಕಮಿಟಿ ಇವತ್ತೇ ಬರ್ತಿದೆ. ಸುಮಾ ದಾವಣಗೆರೆಯಿಂದ ನೇರವಾಗಿ ಬರ್ತಾರೆ. ಪುಸ್ತಕ ಹೇಗಾದ್ರೂ ಕಳಿಸಿಕೊಡ್ತೀರಾ?"

"ಕಳಿಸೋದೇನು ಸಾರ್, ನಾನೇ ತಂದು ಜೋಡಿಸಿ ಕೊಡ್ತೀನಿ. ನೀವು ಆರಾಮಾಗಿ ಕಾಫಿ ಕುಡೀರಿ" ಅಂದೆ.

ಲಗೇಜ್ ಆಟೋ ಮಾಡಿಸಿಕೊಂಡು, ಡಬ್ಬಗಳ ಮಧ್ಯೆ ನಾನೂ ಕೂತು, ತುಂಗಾ ಸೇತುವೆ ದಾಟಿ ಭದ್ರಾವತಿಗೆ ಹೊರಟೆ. ಗೌರಿ ತರಲು ಹೋದಾಗಲೂ ನಾನು ಅಷ್ಟು ಬಿಗುಮಾನದಿಂದ ಕೂತಿರಲಿಲ್ಲ.

ಕಾಲೇಜಿನ ಅಟೆಂಡರ್ ಮುರುಗೇಶಿ ಡಬ್ಬ ಇಳಿಸಿದ. ಹೊಸ ಬಣ್ಣದ ವಾಸನೆ, ಹೊಸ ಕಬ್ಬಿಣದ ಷೆಲ್ಫು. "ಎಪ್ಪಡಿ ಜೋಡಿಸೋದಮ್ಮಾ?" ಅಂತ, ಹೇಗೆ ಅನ್ನುವುದನ್ನು ತಮಿಳಿನಲ್ಲೇ ಸೇರಿಸಿ ಕೇಳಿದ. ಇಂಥ ಪ್ರಶ್ನೆಯನ್ನು ನನಗೆ ಕೇಳುವುದೇ? ಮೂವತ್ತು ವರ್ಷದಿಂದ ಅಡುಗೆಮನೆ ಷೆಲ್ಫ್ ಜೋಡಿಸಿದವಳು ನಾನು. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ದೊಡ್ಡದು ಎಡಕ್ಕೆ, ಆಮೇಲೆ ಇಳಿಯುತ್ತ ಇಳಿಯುತ್ತ ಬಲಕ್ಕೆ. ಹುಳವೋ ಹಣವೋ ಡಬ್ಬಿಯೋ, ಅದೆಲ್ಲ ಆಮೇಲೆ. ನೋಡಲು ಲಕ್ಷಣವಾಗಿರಬೇಕು!

ಜೋಡಿಸಿ ಕೈ ಕೊಡವುವ ಹೊತ್ತಿಗೆ ಸುಮಾ ಬಸ್ಸಿಳಿದು ಓಡಿಬಂದಳು. ಬಾಗಿಲಲ್ಲೇ ನಿಂತಳು. ಷೆಲ್ಫ್ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಷೆಲ್ಫ್ ನೋಡಿದಳು.

"ಅತ್ತೇ... ಇದೇನಿದು?"

"ಬೈಂಡು."

"ನನ್ನ ನಂಬರ್‌ಗಳು?"

"ಒಳಗಡೆ ಬೆಚ್ಚಗಿವೆ."

ಹುಡುಗಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಎರಡಕ್ಕೂ ಸಮಯವಿರಲಿಲ್ಲ. ಕಮಿಟಿ ಒಳಗೆ ಬಂದಿತ್ತು!

ಮೂರು ಜನ. ಮುಂದೆ ಇದ್ದವರೇ ಚೇರ್ಮನ್ನರು. ತೆಳ್ಳನೆಯ ವಯಸ್ಸಾದ ಪ್ರೊಫೆಸರು, ಜೇಬಿನಲ್ಲಿ ಭೂತಗನ್ನಡಿ. ಹಿಂದೆ ಪ್ರಿನ್ಸಿಪಾಲರು ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದರು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತೆ. ನನ್ನ ಕೆಲಸಕ್ಕೆ ಹೊಗಳಿಕೆ ಬಂದಾಗ ಎದ್ದು ನಿಲ್ಲೋಣ ಅಂತ ಸೆರಗು ಸರಿಮಾಡಿಕೊಂಡೆ.

"ಕೀಟಗಳ ಬಗ್ಗೆ ನಿಮ್ಮಲ್ಲಿರೋ ಒಂದು ಒಳ್ಳೆ ಪುಸ್ತಕ ಕೊಡಿಮ್ಮ" ಅಂದರು ಚೇರ್ಮನ್ನರು.

ಸುಮಾ ನನ್ನತ್ತ ನೋಡಿದಳು. ನಾನು ಹುಳದ ಚಿತ್ರ ಬರೆದ ಪುಸ್ತಕ ತೋರಿಸಿ ಕಣ್ಣು ಮಿಟುಕಿಸಿದೆ. ಅವಳು ಅದನ್ನೇ ತೆಗೆದುಕೊಟ್ಟಳು. ಅವರು ಮೊದಲು ನನ್ನ ಚಿತ್ರವನ್ನು ನೋಡಿದರು.

"ಇದೇನು, ಆಮೆಯೇ?"

"ಹುಳ ಸಾರ್" ಅಂದೆ ಮೂಲೆಯಿಂದ.

"ಕೀಟಕ್ಕೆ ಆರು ಕಾಲು ಇರ್ಬೇಕಲ್ಲಮ್ಮ, ಇದಕ್ಕೆ ನಾಲ್ಕೇ ಇವೆ."

ಇಷ್ಟು ಪುಸ್ತಕಕ್ಕೆ ಆರಾರು ಕಾಲು ಬರೆಯುವಷ್ಟರಲ್ಲಿ ಸಾರು ಸೀದುಹೋಗುತ್ತಿತ್ತು! ಆದರೆ ಹಾಗನ್ನಲಿಲ್ಲ. ಅವರು ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದರು. ಒಂದು ಬೇವಿನ ಕಡ್ಡಿ ಅವರ ಪ್ಯಾಂಟಿನ ಮೇಲೆ ಬಿತ್ತು. ಅದನ್ನು ಹಿಡಿದು ನೋಡಿ, ಪಕ್ಕಕ್ಕಿಟ್ಟು, ಪುಟ ತಿರುಗಿಸಿದರು.

"ಇದು ಕಂಪ್ಯೂಟರ್ ಪುಸ್ತಕ."

ಹೌದು. ಕಂಪ್ಯೂಟರ್ ಪುಸ್ತಕಕ್ಕೆ ರಟ್ಟಿನ ಮೇಲೆ ದೊಡ್ಡದೊಂದು ಜೀರುಂಡೆ ಚಿತ್ರ ಯಾಕೆ ಹಾಕಬೇಕು? ಹಾಕಿದವನನ್ನು ಕೇಳಬೇಕು. ನನ್ನನ್ನಲ್ಲ!

"ಹೋಗ್ಲಿ, ಎಕನಾಮಿಕ್ಸ್ ಕೊಡಿ."

ನಾಣ್ಯದ ಗುರುತಿನ ಪುಸ್ತಕ ಬಂತು. ತೆರೆದರೆ ಪುಟ ತುಂಬ ಮಿಡತೆಗಳು. ರಟ್ಟಿನ ಮೇಲೆ ಏರುವ ಇಳಿಯುವ ಗೆರೆಯಿತ್ತು. ಬ್ಯಾಂಕಿನಲ್ಲಿ ಗೋಡೆಗೆ ಅಂಥದ್ದೇ ನೇತುಹಾಕಿರುತ್ತಾರೆ. ಮಿಡತೆಗಳು ಹೆಚ್ಚಾದದ್ದು ಕಡಿಮೆಯಾದದ್ದರ ಗೆರೆ ಅದು ಅಂತ ನನಗೇನು ಕನಸು ಬೀಳುತ್ತದೆಯೇ? ಮೂರನೆಯ ಪುಸ್ತಕಕ್ಕೆ ಡಬ್ಬಿ ಗುರುತು ಇತ್ತು. ತೆರೆದರೆ ಅದು ಎಕನಾಮಿಕ್ಸ್. ಯಾರೋ ಆಫೀಸಿನವನು ಕಂಪ್ಯೂಟರ್ ಮುಂದೆ ಕೂತ ಫೋಟೋ ರಟ್ಟಿನ ಮೇಲಿತ್ತು. ಮೂರರಲ್ಲಿ ಒಂದಾದರೂ ಸರಿಯಾಗಬೇಕಿತ್ತು. ಕಣ್ಣು ಮುಚ್ಚಿ ಗುರಿ ಇಟ್ಟರೂ ಒಂದು ತಾಗುತ್ತದೆ. ನಾನು ಅಷ್ಟು ಶ್ರಮಪಟ್ಟಿದ್ದೆ!

ಪ್ರಿನ್ಸಿಪಾಲರ ಟವೆಲ್ ಕತ್ತಿನಿಂದ ಹಣೆಗೆ ಏರಿತು. ಸುಮಾ ತಲೆ ತಗ್ಗಿಸಿದ್ದಳು. ನನಗೆ ಅವಳ ಮುಖ ಕಾಣಲಿಲ್ಲ. ಸೀರೆ ಅಂಗಡಿಯಲ್ಲಿ ನಿಂತು ಊದುತ್ತಿದ್ದ ಅವಳ ಕಾಲು ಕಣ್ಣ ಮುಂದೆ ಬಂತು. ಹೊಗಳಿಕೆಗೆ ಏಳಬೇಕೆಂದುಕೊಂಡಿದ್ದವಳು ಬೈಗುಳಕ್ಕೆ ಎದ್ದೆ.

"ಸಾರ್, ಆ ಹುಡುಗೀದು ಏನೂ ತಪ್ಪಿಲ್ಲ. ಅವಳು ನಂಬರ್ ಎಲ್ಲ ನೀಟಾಗಿ ಅಂಟಿಸಿ, ಮುಟ್ಟಬೇಡಿ ಅಂತಾನೂ ಹೇಳಿ ಹೋಗಿದ್ಳು. ಮುಟ್ಟಿದವಳು ನಾನು. ಇವಳತ್ತೆ. ಬೈಯೋದಾದ್ರೆ ನನ್ನ ಬೈರಿ."

ಚೇರ್ಮನ್ನರು ಬೈಯಲಿಲ್ಲ. ಅವರ ಕಣ್ಣು ಮಿಡತೆ ಪುಸ್ತಕದ ಪುಟದ ಮೇಲಿತ್ತು. ಭೂತಗನ್ನಡಿ ತೆಗೆದು ನೋಡಿದರು. "ಪ್ರಿನ್ಸಿಪಾಲರೇ, ನಾವು ಕಾಲೇಜು ಕಾಲೇಜು ತಿರುಗ್ತೀವಿ. ಎಲ್ಲಾ ಕಡೆ ಪುಸ್ತಕ ತೆರೆದ್ರೆ ಟರ್ ಅಂತ ಸದ್ದು ಬರುತ್ತೆ, ಒಬ್ಬನೂ ಮುಟ್ಟಿರಲ್ಲ. ಇಲ್ಲಿ ನೋಡಿ, ಪುಟ ಪುಟಕ್ಕೂ ಬೆರಳ ಗುರುತು. ಅಕ್ಕಿ ನುಸಿ ಪುಟದಲ್ಲಂತೂ ಚಿತ್ರಾನೇ ಹಳದಿಯಾಗಿದೆ. ಇಷ್ಟು ಆಸಕ್ತಿಯಿಂದ ಓದಿದ ವಿದ್ಯಾರ್ಥಿ ಯಾರು?"

ಪ್ರಿನ್ಸಿಪಾಲರಿಗೆ ಜೀವ ಬಂತು. "ನಮ್ಮ ವಿದ್ಯಾರ್ಥಿಗಳು ಬಹಳ..." ಅಂತ ಶುರು ಮಾಡಿದರು.

ನಾನು ಸುಮ್ಮನಿರಬೇಕಿತ್ತು. ಇಡೀ ಜನ್ಮದಲ್ಲಿ ಬಾಯಿ ಮುಚ್ಚಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಬಂದಿರಲಿಲ್ಲ.

"ಅದೂ ನಾನೇ ಸಾರ್" ಅಂದೆ. "ಅರಿಶಿನ ಅದು. ಅಲ್ಲಲ್ಲಿ ಸಾರೂ ಇರಬಹುದು."

ಪ್ರಿನ್ಸಿಪಾಲರು ಕುರ್ಚಿ ಹುಡುಕಿಕೊಂಡು ಕೂತರು.

"ನಿಮಗೆ ಇಂಗ್ಲಿಷ್ ಬರುತ್ತಾಮ್ಮ?"

"ಕನ್ನಡಾನೇ ಕುಂಟುತ್ತೆ ಸಾರ್. ಚಿತ್ರ ನೋಡ್ದೆ."

ಅವರು ಇನ್ನೊಂದು ಪುಟ ತೆರೆದು ತೋರಿಸಿದರು. ಕೆಂಪಗೆ, ಗುಂಡಗೆ, ಬೆನ್ನ ಮೇಲೆ ಕಪ್ಪು ಚುಕ್ಕಿ. "ಹಾಗಾದ್ರೆ ಇದೇನು ಹೇಳಿ."

"ತಿಗಣೆ. ಹೊಟ್ಟೆ ತುಂಬಿದ ತಿಗಣೆ" ಅಂದೆ ಖಡಾಖಂಡಿತವಾಗಿ.

"ಅಲ್ಲಮ್ಮ, ಇದು ಗುಲಗಂಜಿ ಹುಳ. ಬೆಳೆಗೆ ಬರೋ ಹೇನು ತಿಂದು ರೈತನಿಗೆ ಉಪಕಾರ ಮಾಡುತ್ತೆ."

"ಹೌದಾ? ನಮ್ಮ ದಾಸವಾಳದ ಗಿಡದಲ್ಲಿ ಸಿಕ್ಕಿದ್ದನ್ನೆಲ್ಲ ಹೊಸಕಿ ಹಾಕಿದೀನಲ್ಲ ಸಾರ್!"

ಚೇರ್ಮನ್ನರು ನಗಲು ಶುರು ಮಾಡಿದರು. ಎಂಥ ನಗು ಅಂತೀರಿ! ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಉಳಿದ ಇಬ್ಬರೂ ನಕ್ಕರು. ಪ್ರಿನ್ಸಿಪಾಲರು ನಗಬಹುದೋ ಬಾರದೋ ಅಂತ ಒಂದು ಗಳಿಗೆ ಯೋಚಿಸಿ ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು. ಸುಮಾ ಒಬ್ಬಳು ನಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದಳು.

"ಸಾರ್, ನೀವು ಊಟ ಮುಗಿಸಿ ಬನ್ನಿ. ಅಷ್ಟರಲ್ಲಿ ಸರಿ ಮಾಡಿರ್ತೀನಿ."

"ಇಷ್ಟನ್ನೂ? ಊಟದೊಳಗೆ?"

"ಪಾಯಸ ಎರಡು ಸಲ ಹಾಕಿಸ್ಕೊಳ್ಳಿ ಸಾರ್."

ಅವರು ಆಚೆ ಹೋದದ್ದೇ ತಡ, ನನ್ನ ಮೆತ್ತನೆಯ ಸುಮಾ ಎಲ್ಲಿ ಹೋದಳೋ ಗೊತ್ತಿಲ್ಲ! ಕಾರಿಡಾರಿನಲ್ಲಿ ಹರಟುತ್ತಿದ್ದ ಹುಡುಗ ಹುಡುಗಿಯರನ್ನೆಲ್ಲ ಒಳಗೆ ಎಳೆದಳು. ನಾನು ಉತ್ಸಾಹದಿಂದ ಬೈಂಡ್ ಕೀಳಲು ಹೋದೆ. ಬೈಂಡಿನ ಜೊತೆ ರಟ್ಟೂ ಕಿತ್ತು ಬಂತು. ನನ್ನ ಅಂಟು ಅಷ್ಟು ಗಟ್ಟಿ!

"ಅತ್ತೇ, ಕೀಳಬೇಡಿ! ಯಾರೂ ಕೀಳಬೇಡಿ! ಮೊದಲನೇ ಪುಟ ತೆಗೆದು ಹೆಸರು ಕೂಗಿ. ಹುಳದ್ದು ಕಿಟಕಿ ಹತ್ರ, ಎಕನಾಮಿಕ್ಸ್ ಬಾಗಿಲ ಹತ್ರ, ಕಂಪ್ಯೂಟರ್ ನಡುವೆ. ಮುರುಗೇಶಿ, ನೀನು ಹೊತ್ತುಕೊಂಡು ಓಡು."

"ಸರಿ ಮೇಡಂ, ಓಡ್ತೇನೆ."

"ನಾನೇನು ಮಾಡ್ಲೇ?" ಅಂದೆ.

"ನೀವು ಸ್ಟೂಲ್ ಮೇಲೆ ಕೂತ್ಕೊಳ್ಳಿ. ಕೈ ಮಡಿಲಲ್ಲಿ ಇಟ್ಕೊಳ್ಳಿ. ಎರಡೂ ಕೈ."

ಕೂತೆ. ಸಂತೆಯಲ್ಲಿ ಸೌತೆಕಾಯಿ ಮಾರುವವರ ಹಾಗೆ ಮಕ್ಕಳು ಕೂಗಿದರು. ಸುಮಾ ಒಂದೊಂದು ಖಾಕಿ ಬೆನ್ನಿನ ಮೇಲೂ ದಪ್ಪ ಅಕ್ಷರದಲ್ಲಿ ಪುಸ್ತಕದ ಹೆಸರು ಬರೆದು, ತನ್ನ ರಿಜಿಸ್ಟರಿನಲ್ಲಿದ್ದ ನಂಬರನ್ನೂ ಕೆಳಗೆ ಹಾಕಿದಳು. ಬೇವಿನ ಕಡ್ಡಿಗಳನ್ನೆಲ್ಲ ಗುಡಿಸಿದ್ದು ಒಂದು ಬುಟ್ಟಿ ಆಯಿತು. ಕಮಿಟಿಯವರು ಎಲೆಅಡಿಕೆ ಜಗಿಯುತ್ತ ಬಂದಾಗ ಕೊನೇ ಪುಸ್ತಕ ಷೆಲ್ಫ್ ಸೇರುತ್ತಿತ್ತು.

ಚೇರ್ಮನ್ನರು ಕುರ್ಚಿಯಲ್ಲಿ ಕೂರಲೂ ಇಲ್ಲ. ಒಂದು ಹುಳದ ಪುಸ್ತಕ ಕೇಳಿದರು. ಬಂತು. ಎಕನಾಮಿಕ್ಸ್ ಕೇಳಿದರು. ಬಂತು. ಕಂಪ್ಯೂಟರ್ ಕೇಳಿದರು. ಕೇಳಿ ಮುಗಿಯುವ ಮೊದಲೇ ಬಂತು.

"ಪ್ರಿನ್ಸಿಪಾಲರೇ" ಅಂದರು, "ಪುಸ್ತಕ ಯಾರು ಬೇಕಾದ್ರೂ ಕೊಂಡು ತರಬಹುದು. ಇಂಥ ಪ್ರಳಯ ಆದ ಮೇಲೆ ಊಟದ ಹೊತ್ತಿನೊಳಗೆ ಸರಿ ಮಾಡೋರು ಸಿಗೋದು ಕಷ್ಟ. ಈ ಹುಡುಗೀನ ಬಿಡಬೇಡಿ."

ಪ್ರಳಯ ಎದ್ದು ನಿಂತು ಕೈ ಮುಗಿಯಿತು.

ಸುಮಾಳ ಕೆಲಸ ಪರ್ಮನೆಂಟ್ ಆಯಿತು. ಊರಿಗೆಲ್ಲ ಪೇಡ ಹಂಚಿದೆವು. ನಾನಿಲ್ಲದಿದ್ದರೆ ಸುಮಾಳ ಸಾಮರ್ಥ್ಯ ಕಮಿಟಿಗೆ ಹೇಗೆ ತಿಳಿಯುತ್ತಿತ್ತು ಅಂತ ಜಯಮ್ಮನ ಮುಂದೆ ಕೊಚ್ಚಿಕೊಂಡೆ. ಕಾಲೇಜಿನವರು ನನ್ನನ್ನೂ ಲೈಬ್ರರಿಯ ಮೆಂಬರ್ ಮಾಡಿ ಒಂದು ಕಾರ್ಡು ಕೊಟ್ಟರು. ಅದನ್ನು ಕೊಡುವಾಗ ಸುಮಾ ಎರಡು ಷರತ್ತು ಹಾಕಿದಳು. ಒಳಗೆ ಬರುವ ಮೊದಲು ಕೈ ತೊಳೆಯಬೇಕು, ಬಂದ ಮೇಲೆ ಪುಟ ತಿರುಗಿಸಲು ಮುರುಗೇಶಿಯನ್ನು ಕರೆಯಬೇಕು.

ಇದೆಲ್ಲ ಆಗಿ ಒಂದೆರಡು ತಿಂಗಳಾಗಿತ್ತು. ಯಜಮಾನರ ಕಪ್ಪು ಕನ್ನಡಕ ಹೋಗಿ, ದೃಷ್ಟಿ ಹುಡುಗರ ಹಾಗೆ ಚುರುಕಾಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ತಟ್ಟೆಯನ್ನು ಬೆಳಕಿಗೆ ಎಳೆದುಕೊಂಡರು.

"ಏನೇ, ಅನ್ನಕ್ಕೆ ಎಳ್ಳು ಹಾಕಿದೀಯಾ?"

ನಾನು ಎಳ್ಳು ಹಾಕಿರಲಿಲ್ಲ. ಅಕ್ಕಿ ಡಬ್ಬಕ್ಕೆ ಮತ್ತೆ ಬೇವಿನ ಸೊಪ್ಪು ಹಾಕುವುದನ್ನೂ ಮರೆತಿದ್ದೆ.

ಬಗ್ಗಿ ನೋಡಿದೆ. ಉದ್ದ ಮೂತಿ. ಗರಗಸದಂಥ ಕಾಲು. ಪುಸ್ತಕದಲ್ಲಿ ಇದ್ದ ಹಾಗೇ ಇತ್ತು. ಬೆರಳ ತುದಿಯಲ್ಲಿ ಒಂದನ್ನು ಎತ್ತಿಕೊಂಡು ಕಾಲು ಎಣಿಸಿದೆ.

ಆರೇ ಇದ್ದವು!